ಮಲೆನಾಡಿನ ತೀರ್ಥಗಳೂ ಅಲ್ಲಿಯ ಜಲಚರಗಳೂ

ಕಳಸದಿಂದ ಕುದುರೆಮುಖದ ಕಡೆಗೆ ಹೋಗುವ ದಾರಿಯ ಆಚೆ, ವರಾಹ ಪರ್ವತದ ದಟ್ಟವಾದ ಕಾಡಿನೊಳಗೆ, ಗಂಗಾಮೂಲವೆಂಬ ಎಡೆಯಲ್ಲಿ ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವುವೆಂಬುದು ಕನ್ನಡ ನಾಡಿನ ಭೂಗೋಳವನ್ನು ಅಲ್ಪಸ್ವಲ್ಪ ಓದಿದವರೆಲ್ಲರೂ ಬಲ್ಲ ಸಂಗತಿ. ತುಂಗೆ ಶೃಂಗೇರಿಯತ್ತಲೂ ಭದ್ರೆ ಕಳಸ, ಬಾಳೆಹೊನ್ನೂರುಗಳತ್ತಲೂ ಇಳಿದು, ಕೂಡಲಿಯಲ್ಲಿ ಒಂದಾಗಿ, ಕಡೆಗೆ ಕೃಷ್ಣೆಯ ಪಾಲಾಗುತ್ತವೆ. ನೇತ್ರಾವತಿ ಘಟ್ಟದ ಕೆಳಕ್ಕೆ ಧುಮುಕಿ ಮಂಗಳೂರಿನ ಬಳಿ ಪಡುಗಡಲನ್ನು ಸೇರುತ್ತದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಮೊದಲಾಗುವ ಹೇಮಾವತಿಯಾದರೋ ಮೂಡಲಿಗೆ ಹರಿದು ಕಾವೇರಿಯ ಕುಲಕ್ಕೆ ಸಲ್ಲುತ್ತದೆ. ಹೀಗೆ ಕಾಫಿಯ ಗಿಡವೂ ಏಲಕ್ಕಿಯ ಹಿಂಡಿಲೂ ಅಡಕೆಯ ಮರವೂ ಒತ್ತಾಗಿ ಬೆಳೆದಿರುವ ಈ ಕಿರಿದಾದ ಸೀಮೆಯಲ್ಲಿ ಮೂರು ಜಲಕುಲಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವುದರಿಂದ, ಇಲ್ಲಿಯ ಹಳ್ಳಕೊಳ್ಳಗಳಲ್ಲಿ ವಾಸಿಸುವ ಜೀವಿಗಳಿಗೂ ಮೂರು ಬೇರೆ ಬೇರೆ ವಂಶಚರಿತ್ರೆಗಳಿವೆ. ಆ ಜೀವಿಗಳನ್ನು ಮನುಷ್ಯನು ಇಲ್ಲಿ ಹೇಗೆ ಕಂಡನು, ಹೇಗೆ ಕೊಂದನು, ಹೇಗೆ ಕಾಪಾಡಿದನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ನೀರಿನ ಪ್ರಾಣಿಯನ್ನು ಸಾಕುವುದೆಂದರೆ ಅದರ ನೀರನ್ನು ಸಾಕುವುದೇ ಹೊರತು ಬೇರೆಯಲ್ಲವೆಂಬ ತತ್ತ್ವವನ್ನು ವಿಜ್ಞಾನವು ಬಹು ಪ್ರಯಾಸದಿಂದ ಕಂಡುಕೊಳ್ಳುವುದಕ್ಕೆ ಮೊದಲೇ, ಮಲೆನಾಡಿನ ನದೀತೀರ್ಥಗಳಲ್ಲಿ ಅದು ಆಚಾರದ ರೂಪದಲ್ಲಿ ನೆಲೆಗೊಂಡಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಆಚಾರದ ಅತ್ಯಂತ ಪ್ರಸಿದ್ಧವಾದ ನಿದರ್ಶನ ಶೃಂಗೇರಿಯದು. ಶಾರದಾ ದೇವಾಲಯದ ಹಿಂಬದಿಯಲ್ಲಿ ತುಂಗೆಗೆ ಇಳಿಯುವ ಕಲ್ಲಿನ ಸೋಪಾನಗಳ ಬುಡದಲ್ಲಿ, ಬೇಸಗೆಯ ತಿಳಿನೀರಿನ ಕಾಲದಲ್ಲಿ ನಿಂತು ನೋಡುವವರಿಗೆ, ಮೊಳದುದ್ದದ ಮೀನುಗಳು ಒಂದರ ಮೇಲೊಂದು ಹೊರಳುತ್ತ ಮನುಷ್ಯನ ನೆರಳಿಗೆ ಹೆದರದೆ ಮೆಟ್ಟಿಲಿನವರೆಗೂ ಬರುವುದು ಕಾಣುತ್ತದೆ. ಯಾತ್ರಿಕರು ಒಂದು ಹಿಡಿ ಮಂಡಕ್ಕಿಯನ್ನು ಎರಚಿದೊಡನೆ ನೀರು ಕುದಿದಂತಾಗಿ, ದಪ್ಪ ತುಟಿಯ ಬಾಯಿಗಳು ಕೊಳವೆಯಂತೆ ಮುಂದಕ್ಕೆ ಚಾಚಿ, ತೇಲುವ ಕಾಳುಗಳನ್ನು ನೀರಿನೊಂದಿಗೇ ಒಳಕ್ಕೆ ಸೆಳೆದುಕೊಳ್ಳುತ್ತವೆ. ಹತ್ತಿರದಿಂದ ನೋಡಿದರೆ ಆ ಬಾಯಿಯ ಇಕ್ಕೆಲಗಳಲ್ಲಿ ಎರಡು ಜೊತೆ ಮೀಸೆಗಳೂ, ಬೆನ್ನಿನ ಮೇಲೆ ಬೆಳ್ಳಿಯ ಬಿಲ್ಲೆಗಳನ್ನು ಜೋಡಿಸಿದಂತಿರುವ ಅಗಲವಾದ ಹುರುಪೆಗಳೂ ಎದ್ದು ತೋರುತ್ತವೆ. ಇಲ್ಲಿ ಬಲೆ ಬೀಸಕೂಡದು, ಗಾಳ ಹಾಕಕೂಡದು ಎಂಬ ಕಟ್ಟಳೆ ಪರಂಪರೆಯಿಂದ ನಡೆದುಬಂದಿದೆ. ಬಿಸಿಲಿನಲ್ಲಿ ಬಳಲಿದ ಕಪ್ಪೆಗೆ ಸರ್ಪವೊಂದು ಹೆಡೆಯೆತ್ತಿ ನೆರಳು ಕೊಟ್ಟುದನ್ನು ಕಂಡು ಶಂಕರಾಚಾರ್ಯರು ಆ ಸ್ಥಳದಲ್ಲಿ ಪೀಠವನ್ನು ಸ್ಥಾಪಿಸಿದರೆಂಬ ಐತಿಹ್ಯವು ಇದೇ ದಡದ ಕಪ್ಪೆ ಶಂಕರನ ಗುಡಿಯಲ್ಲಿ ಮೂರ್ತಿಗೊಂಡಿರುವುದನ್ನು ನೆನೆದರೆ, ವಿಜಯನಗರದ ದೊರೆ ಹರಿಹರ ಮತ್ತು ಅವನ ಸಹೋದರರು 1346ರಲ್ಲಿ ಇಲ್ಲಿಗೆ ಬಂದು ದತ್ತಿಯನ್ನು ಕೊಟ್ಟ ಕಾಲಕ್ಕೂ ಹಿಂದಿನಿಂದ ಈ ಕ್ಷೇತ್ರದ ಭಾವನೆಯಲ್ಲಿ ಅಭಯವೆಂಬುದು ಬೆರೆತಿತ್ತೆಂದು ಊಹಿಸುವುದು ಅನುಚಿತವಾಗಲಾರದು.

ಭಾರತದಲ್ಲಿ ಮೀನಿಗೆ ಅಭಯವನ್ನು ಕೊಟ್ಟ ರಾಜಶಾಸನಗಳ ಇತಿಹಾಸ ಇನ್ನೂ ಪ್ರಾಚೀನವಾದುದು. ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ಅವಧ್ಯವೆಂದು ಸಾರಿದ ಪ್ರಾಣಿಗಳ ಪಟ್ಟಿಯಲ್ಲಿ ಮೂಳೆಯಿಲ್ಲದ ಮೀನೊಂದನ್ನು ಹೆಸರಿಸಿದ್ದಾನೆ. ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲಿಯೂ ಉಪೋಸಥದ ದಿನಗಳಲ್ಲಿಯೂ ಮೀನನ್ನು ಕೊಲ್ಲಬಾರದು, ಮಾರಲೂ ಬಾರದು ಎಂದು ವಿಧಿಸಿದ್ದಾನೆ. ಇದಕ್ಕೆ ಎದುರಾಗಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೊಂದಿದ್ದು, ಗಾಳದಿಂದ ಮೀನು ಹಿಡಿಯುವುದನ್ನು ಅರಸರ ವಿನೋದಗಳಲ್ಲಿ ಒಂದಾಗಿ ಅದು ವರ್ಣಿಸುತ್ತದೆ. ಸಮುದ್ರದ ಮೀನು ಯಾವುದು, ನದಿಯ ಮೀನು ಯಾವುದು, ಯಾವುದಕ್ಕೆ ಹುರುಪೆಯುಂಟು, ಯಾವುದಕ್ಕೆ ಇಲ್ಲ, ಯಾವುದಕ್ಕೆ ಎಂತಹ ಹಿಟ್ಟಿನ ಉಂಡೆ ರುಚಿಸುತ್ತದೆ ಎಂಬುದನ್ನೆಲ್ಲ ವಿವರಿಸುವ ಆ ಭಾಗವನ್ನು ಭಾರತೀಯ ಪ್ರಾಣಿ ಸರ್ವೇಕ್ಷಣದ ನಿರ್ದೇಶಕರಾಗಿದ್ದ ಸುಂದರ್‌ಲಾಲ್ ಹೋರಾ ಅವರು 1951ರಲ್ಲಿ ಆಧುನಿಕ ವಿದ್ವಾಂಸರ ಗಮನಕ್ಕೆ ತಂದರು. ಕಾಯುವವನೂ ಹಿಡಿಯುವವನೂ ಇಬ್ಬರೂ ಮೀನಿನ ಸ್ವಭಾವವನ್ನು ಬಲ್ಲವರಾಗಿದ್ದರು. ಭೇದವಿದ್ದುದು ಆ ಜ್ಞಾನದ ವಿನಿಯೋಗದಲ್ಲಿ ಮಾತ್ರ.

ತೀರ್ಥಗಳಲ್ಲಿ ಹೀಗೆ ರಕ್ಷಿತವಾದ ಮೀನುಗಳಲ್ಲಿ ಮುಖ್ಯವಾದುದು ಮಹಶೀರ್ ಎಂದು ಪ್ರಸಿದ್ಧವಾದ ಜಾತಿ. ಕೃಷ್ಣಾ ಕುಲದ ಮಹಶೀರನ್ನು ಕರ್ನಲ್ ಸೈಕ್ಸ್ ಎಂಬಾತನು ಪುಣೆಯ ಬಳಿಯ ಮುಳಾ-ಮುಠಾ ನದಿಯಲ್ಲಿ ಕಂಡು 1839ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿದನು. ಗೆಂಡೆಯ ವಂಶಕ್ಕೆ ಸೇರಿದ ಈ ಮೀನಿಗೆ ದವಡೆಯಲ್ಲಿ ಹಲ್ಲುಗಳಿಲ್ಲ. ಗಂಟಲಿನ ಆಳದಲ್ಲಿರುವ ಬಲವಾದ ಹಲ್ಲುಗಳಿಂದ ಅದು ಏಡಿಯ ಚಿಪ್ಪನ್ನೂ ಶಂಖದ ಹುಳುವನ್ನೂ, ದಡದ ಅತ್ತಿ, ನೇರಳೆಗಳಿಂದ ಉದುರಿದ ಹಣ್ಣನ್ನೂ ಅರೆದು ನುಂಗುತ್ತದೆ. ಮುಂಗಾರಿನ ಹೊಸ ನೀರು ಬಂದೊಡನೆ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಈಜಿ, ಕಿರಿದಾದ ಉಪನದಿಗಳ ಜಲ್ಲಿನೆಲದ ಮೇಲೆ ಮೊಟ್ಟೆಗಳನ್ನಿಟ್ಟು, ಮಳೆ ತಗ್ಗುವ ವೇಳೆಗೆ ಹಿಂದಿರುಗುತ್ತದೆ. ಕಾಟ್ಲ, ರೋಹುಗಳು ಇಡುವಷ್ಟು ಮೊಟ್ಟೆಗಳನ್ನು ಇದು ಇಡುವುದಿಲ್ಲ. ಇಟ್ಟವು ತಳಕ್ಕೆ ಇಳಿದು ಕಲ್ಲುಗಳ ನಡುವೆ ನಿಲ್ಲುವುದರಿಂದ, ಪ್ರಾಣವಾಯು ತುಂಬಿದ ಶುದ್ಧವಾದ ನೀರು ಅವುಗಳ ಮೇಲೆ ಹರಿಯುತ್ತಲೇ ಇರಬೇಕು. ಹೂಳು ಮುಚ್ಚಿದರೆ ಮರಿಯಾಗುವ ಮೊದಲೇ ಅವು ಸತ್ತುಹೋಗುತ್ತವೆ. ಮಾಘದಿಂದ ವೈಶಾಖದವರೆಗೆ ಹೊಳೆಯ ಹರಿವು ಸಣ್ಣದಾದಾಗ ದೊಡ್ಡ ಮೀನುಗಳೆಲ್ಲ ಆಳವಾದ ಮಡುಗಳಲ್ಲಿ ಕಿಕ್ಕಿರಿದು ಸೇರುತ್ತವೆ. ಆ ಮಡುವನ್ನು ಬಲ್ಲವನಿಗೆ ಇಡೀ ನದಿಯ ಬೀಜಸಂತತಿ ಒಂದೇ ಬೀಸಿಗೆ ಕೈವಶವಾಗುವ ಕಾಲ ಅದೇ. ತೀರ್ಥವೆಂದು ಹಿರಿಯರು ಗುರುತಿಸಿದ ಸ್ಥಳಗಳು ಅನೇಕವಾಗಿ ಇಂತಹ ಆಳವಾದ ಮಡುಗಳೇ ಆಗಿರುವುದನ್ನು ಗಮನಿಸಿದರೆ, ದೇವರ ಹೆಸರಿನಲ್ಲಿ ಹಾಕಿದ ಆ ಎಲ್ಲೆ ಮೀನಿನ ಜೀವನದ ಅತಿ ದುರ್ಬಲವಾದ ಘಟ್ಟಕ್ಕೆ ಸರಿಯಾಗಿ ಒದಗಿದ ರಕ್ಷೆಯಾಗಿತ್ತೆಂಬುದು ಮನದಟ್ಟಾಗುತ್ತದೆ.

ಮಲೆನಾಡಿನವರು ಮೀನನ್ನು ತಿನ್ನದವರೆಂದು ಇದರಿಂದ ಯಾರೂ ಭಾವಿಸಬಾರದು. ಮೊದಲ ಮಳೆಗೆ ಗದ್ದೆಯ ತೋಡುಗಳನ್ನು ಏರಿಬರುವ ಹತ್ತುಮೀನನ್ನು ಹಿಡಿಯುವ ಸಂಭ್ರಮ, ಹರಿವಿಗೆ ಅಡ್ಡಲಾಗಿ ಬಿದಿರಿನ ಕೂಳಿಯನ್ನೊಡ್ಡುವ ಕೌಶಲ, ಗಾಳ ಹಿಡಿದು ದಡದಲ್ಲಿ ಕೂರುವ ತಾಳ್ಮೆ ಇವೆಲ್ಲವೂ ಇಲ್ಲಿಯ ಜೀವನದ ಅಂಗಗಳೇ ಆಗಿವೆ. ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಈ ಗಾಳದ ವಿದ್ಯೆಯಲ್ಲಿ ಎಷ್ಟು ಆಸಕ್ತರಾಗಿದ್ದರೆಂಬುದನ್ನು ಅವರ ಓದುಗರೆಲ್ಲರೂ ಬಲ್ಲರು. ಕಾರೆಕಾಯಿಯನ್ನೋ ಕಾಕಮಾರಿಯ ಬೀಜವನ್ನೋ ಜಜ್ಜಿ ನಿಂತ ನೀರಿಗೆ ಬೆರೆಸಿ ಮೀನನ್ನು ಮತ್ತೇರಿಸಿ ಹಿಡಿಯುವ ಕ್ರೂರಪದ್ಧತಿಯೂ ಇತ್ತು. ಆದರೆ ಹೊಳೆಯುದ್ದಕ್ಕೂ ಹಿಡಿಯುವವನು ತೀರ್ಥದ ಮೇಲಕ್ಕೂ ಕೆಳಕ್ಕೂ ಇಂತಿಷ್ಟು ದೂರದವರೆಗೆ ಕೈ ಕಟ್ಟಿಕೊಂಡನು. ಕಾಯುವುದಕ್ಕೆ ಗೋಡೆಯಿರಲಿಲ್ಲ, ಕಾವಲುಗಾರನಿರಲಿಲ್ಲ. ಮೀನು ತನ್ನಿಚ್ಛೆಯಿಂದ ಬರುತ್ತಿತ್ತು, ಮಳೆಗಾಲದಲ್ಲಿ ತನ್ನಿಚ್ಛೆಯಿಂದ ಹೋಗುತ್ತಿತ್ತು. ಬಂಧನಕ್ಕೆ ಒಳಗಾಗಿದ್ದವನು ಮನುಷ್ಯನೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವ್ಯವಸ್ಥೆಗೆ ಎರಡು ಹೊಸ ಶಕ್ತಿಗಳು ಎದುರಾದುವು. ಒಂದನೆಯದು ಕಾಫಿ. ಬಾಬಾಬುಡನ್ ಗಿರಿಯಲ್ಲಿ ಫಕೀರನೊಬ್ಬನು ತಂದು ಬಿತ್ತಿದನೆಂಬ ಏಳು ಬೀಜಗಳ ಕಥೆ ಏನೇ ಇರಲಿ, ಐರೋಪ್ಯ ತೋಟಗಾರರು ಈ ಬೆಟ್ಟಗಳಿಗೆ ಬಂದು ವಿಸ್ತಾರವಾಗಿ ಕಾಡನ್ನು ಕಡಿಸಿ ಕಾಫಿಯನ್ನು ಹಾಕಿಸಿದುದು ಆ ಶತಮಾನದ ನಡುಭಾಗದಿಂದೀಚೆಗೆ. ಮಂಜರಾಬಾದಿನ ಸೀಮೆಯಲ್ಲಿ ತೋಟ ಮಾಡಿದ ಆರ್. ಎಚ್. ಎಲಿಯಟ್ ತನ್ನ 1894ರ ಗ್ರಂಥದಲ್ಲಿ ಕಾಫಿಗೆ ಮರದ ನೆರಳು ಎಷ್ಟು ಆವಶ್ಯಕವೆಂಬುದನ್ನು ಒತ್ತಿ ಹೇಳಿದುದು ಮಣ್ಣಿಗೂ ನೀರಿಗೂ ಉಪಕಾರವೇ ಆಯಿತು. ನೆರಳಿನ ತೋಟವು ಬೋಳು ಗುಡ್ಡದಂತೆ ಮಣ್ಣನ್ನು ಹೊಳೆಗೆ ಸುರಿಯುವುದಿಲ್ಲ. ಆದರೆ ಹಣ್ಣನ್ನು ಪಲ್ಪರಿಗೆ ಹಾಕಿ, ಸಿಪ್ಪೆ ಬಿಡಿಸಿ, ಲೋಳೆ ತೊಳೆದ ನೀರನ್ನು ಹಳ್ಳಕ್ಕೆ ಬಿಡುವ ರೂಢಿ ಬಂದಮೇಲೆ, ಆ ಸಿಹಿಲೋಳೆ ಕೊಳೆಯುವಾಗ ನೀರಿನಲ್ಲಿ ಕರಗಿರುವ ಪ್ರಾಣವಾಯುವೆಲ್ಲ ವ್ಯಯವಾಗಿ ಕೆಳಗಣ ಮಡುವಿನ ಮೀನುಗಳು ಉಸಿರು ಕಟ್ಟಿ ತೇಲುವಂತಾಯಿತು. ಪಲ್ಪಿಂಗಿನ ಕಾಲ ಪುಷ್ಯ, ಮಾಘಗಳ ಸುತ್ತಮುತ್ತ. ಹೊಳೆ ಸೊರಗತೊಡಗುವ ಕಾಲವೂ ಅದೇ. ಮುಂದೆ ಹೂವಿನ ಮಳೆ ತಪ್ಪಿದಾಗ ತುಂತುರು ನೀರಾವರಿಯಿಂದ ಹೂವರಳಿಸುವ ಪದ್ಧತಿ ಬಳಕೆಗೆ ಬಂದು, ಫಾಲ್ಗುಣದ ಬಿಸಿಲಿನಲ್ಲಿ ಉಳಿದಿದ್ದ ಮಡುವಿನ ನೀರಿಗೂ ಪಂಪಿನ ಕೊಳವೆ ಇಳಿಯಿತು.

ಎರಡನೆಯ ಶಕ್ತಿ ಸರ್ಕಾರದ ಶೋಧನೆ ಮತ್ತು ಶಾಸನ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಘಟ್ಟದಿಂದಿಳಿಯುವ ಹೊಳೆಗಳಲ್ಲಿ ಗಾಳ ಹಾಕುತ್ತ ಮಹಶೀರಿನ ನಡತೆಯನ್ನು ಸೂಕ್ಷ್ಮವಾಗಿ ಅಭ್ಯಸಿಸಿ, 1870ರಲ್ಲಿ ಆ ಜಿಲ್ಲೆಯ ಮತ್ಸ್ಯಕೃಷಿಯನ್ನು ಕುರಿತ ವರದಿಯನ್ನೂ 1873ರಲ್ಲಿ ಮಂಗಳೂರಿನಲ್ಲಿ ಮುದ್ರಿತವಾದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನೂ ಬರೆದನು. ಸಣ್ಣ ಕಣ್ಣಿನ ಬಲೆಗಳಿಂದಲೂ ವಿಷದಿಂದಲೂ ಮರಿಗಳ ಸಂಹಾರವಾಗುತ್ತಿರುವುದನ್ನು ಅವನೂ, ಭಾರತದ ಮೀನುಗಳ ಮಹಾಕೋಶವನ್ನು ರಚಿಸಿದ ಫ್ರಾನ್ಸಿಸ್ ಡೇಯೂ ಸರ್ಕಾರದ ಮುಂದೆ ಮತ್ತೆ ಮತ್ತೆ ಇಟ್ಟರು. ಕಡೆಗೆ 1897ರ ಭಾರತೀಯ ಮೀನುಗಾರಿಕೆ ಕಾಯಿದೆ ನೀರಿಗೆ ಸಿಡಿಮದ್ದು ಹಾಕುವುದನ್ನೂ ವಿಷ ಬೆರೆಸುವುದನ್ನೂ ಅಪರಾಧವೆಂದು ಸಾರಿತು. ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ಸಂರಕ್ಷಣೆಗಾಗಿ ತನ್ನದೇ ಆದ ನಿಬಂಧನೆಯನ್ನು ಹೊರಡಿಸಿತು. ತೀರ್ಥದ ಕಟ್ಟಳೆ ಹೇಳುತ್ತಿದ್ದುದನ್ನೇ ಕಾಯಿದೆ ದಂಡದ ಭಾಷೆಯಲ್ಲಿ ಹೇಳಿತು. ಆದರೆ ದಂಡಕ್ಕೆ ಹೆದರುವವನು ನೋಡುವವರಿಲ್ಲದ ಕಡೆ ಹೆದರುವುದಿಲ್ಲ.

ಇದಕ್ಕೆ ಶಿಶಿಲದ ದುರಂತವೇ ಸಾಕ್ಷಿ. ಮೂಡಿಗೆರೆಯ ಎತ್ತಿನಭುಜವೆಂಬ ಬೆಟ್ಟದ ಬುಡದಲ್ಲಿ, ಘಟ್ಟದ ಕೆಳಗಿನ ಬೆಳ್ತಂಗಡಿ ತಾಲ್ಲೂಕಿನಲ್ಲಿರುವ ಶಿಶಿಲೇಶ್ವರ ದೇವಾಲಯದ ಮುಂದೆ ಹರಿಯುವ ಕಪಿಲೆ ಈ ಬೆಟ್ಟಗಳದೇ ಮಗಳು. ಅಲ್ಲಿಯ ಮತ್ಸ್ಯತೀರ್ಥದ ಮಹಶೀರುಗಳನ್ನು ಊರಿನವರು ದೇವರ ಮೀನುಗಳೆಂದೇ ಕರೆದು, ಅಕ್ಕಿ, ಮಂಡಕ್ಕಿಗಳನ್ನು ಹಾಕಿ ಪೋಷಿಸುತ್ತ ಬಂದಿದ್ದಾರೆ. 1996ರಲ್ಲಿ ದುಷ್ಕರ್ಮಿಗಳು ಆ ನೀರಿಗೆ ವಿಷ ಬೆರೆಸಿದಾಗ ಸಾವಿರಾರು ಮೀನುಗಳು ಸತ್ತುವು. ಊರವರು ಅವುಗಳ ನೆನಪಿಗೆ ಸ್ಮಾರಕವನ್ನು ನಿಲ್ಲಿಸಿದರು. ಮೀನಿಗಾಗಿ ಸ್ಮಾರಕ ಕಟ್ಟಿದ ಜನ ಲೋಕದಲ್ಲಿ ವಿರಳ. ಆ ಬಳಿಕವೂ ಮೀನುಗಳು ಅಲ್ಲಿ ಮರಳಿ ತುಂಬಿಕೊಂಡುದಕ್ಕೆ ಮೇಲಣ ಕಾಡೂ ಮೇಲಣ ಹಳ್ಳಗಳೂ ಉಳಿದಿದ್ದುದೇ ಕಾರಣವೆಂದು ನಾನು ನಂಬುತ್ತೇನೆ.

ಮೀನನ್ನು ಹಿಡಿತದಲ್ಲಿಟ್ಟು ಸಾಕಿ ವೃದ್ಧಿಪಡಿಸುವ ಆಧುನಿಕ ಪ್ರಯತ್ನದ ಕಥೆಯೂ ಇಲ್ಲಿ ಪ್ರಸ್ತುತವೇ. 1970ರ ದಶಕದಲ್ಲಿ ಲೋಣಾವಳೆಯಲ್ಲಿ, ಟಾಟಾ ವಿದ್ಯುತ್ ಕಂಪನಿಯ ಸರೋವರದ ದಡದಲ್ಲಿ, ಕುಲಕರ್ಣಿ ಮತ್ತು ಓಗಲೆ ಎಂಬ ವಿಜ್ಞಾನಿಗಳು ಮಹಶೀರಿನ ಮೊಟ್ಟೆಯನ್ನೂ ವೀರ್ಯವನ್ನೂ ಕೈಯಿಂದ ಹಿಂಡಿ ಬೆರೆಸಿ, ಹರಿಯುವ ನೀರಿನ ತಟ್ಟೆಗಳಲ್ಲಿ ಮರಿ ಮಾಡಿಸುವ ವಿಧಾನವನ್ನು ಸಿದ್ಧಗೊಳಿಸಿದರು. ಅಲ್ಲಿಯ ಮರಿಗಳು ಅನೇಕ ರಾಜ್ಯಗಳ ನದಿಗಳಿಗೆ ಹೋದುವು. ಕೊಡಗಿನ ಹಾರಂಗಿಯಲ್ಲಿಯೂ ಮಹಶೀರಿನ ಮರಿ ಉತ್ಪಾದನಾ ಕೇಂದ್ರ ಸ್ಥಾಪಿತವಾಯಿತು. ಉದ್ದೇಶ ಪವಿತ್ರವಾದುದು, ಕೌಶಲ ಪ್ರಶಂಸನೀಯವಾದುದು. ಆದರೆ ಕಾವೇರಿಗೆ ಬಿಟ್ಟವು ಕೃಷ್ಣಾ ಕುಲದ ಜಾತಿಯವಾಗಿದ್ದುವು. ಕಾವೇರಿಯಲ್ಲಿ ಅದಕ್ಕೇ ಮೀಸಲಾದ, ಬೆನ್ನುಬ್ಬಿದ ಬೃಹತ್ ಮಹಶೀರೊಂದು ಮೊದಲಿನಿಂದಲೂ ಇದ್ದು, ಹೊಸಬರ ಸಂಖ್ಯೆ ಏರಿದಂತೆ ಗಾಳಕ್ಕೆ ಅದು ಸಿಗುವುದು ತೀರ ಅಪರೂಪವಾಯಿತು. 2018ರಲ್ಲಿ ವಿಜ್ಞಾನಿಗಳು ಅದನ್ನು ಟೋರ್ ರೇಮಾದೇವಿಯೈ ಎಂದು ನಿಶ್ಚಿತವಾಗಿ ಗುರುತಿಸುವ ವೇಳೆಗೆ ಅದು ವಿನಾಶದ ಅಂಚಿಗೆ ಬಂದಿತ್ತು. ಭದ್ರೆಯ ಮೀನು ಬೇರೆ, ಹೇಮಾವತಿಯ ಮೀನು ಬೇರೆ. ನಡುವೆ ಒಂದು ಗುಡ್ಡದ ಏಣು ಮಾತ್ರವಿದ್ದರೂ ಅವುಗಳ ನಡುವಣ ಕಾಲದ ಅಂತರ ಅಗಾಧವಾದುದು. ತೀರ್ಥದ ಪದ್ಧತಿಯಲ್ಲಿ ಇಂತಹ ಪ್ರಮಾದಕ್ಕೆ ಆಸ್ಪದವೇ ಇರಲಿಲ್ಲ. ಏಕೆಂದರೆ ಅಲ್ಲಿ ಯಾರೂ ಮೀನನ್ನು ತಂದು ಬಿಡುತ್ತಿರಲಿಲ್ಲ, ಇದ್ದುದನ್ನು ಇದ್ದಲ್ಲಿಯೇ ಉಳಿಸುತ್ತಿದ್ದರು.

ನೀರನ್ನು ಬಿಟ್ಟು ಜಲಚರವನ್ನು ಕಾಯಲಾಗದೆಂಬ ಈ ತತ್ತ್ವದ ಪರಾಕಾಷ್ಠೆಯನ್ನು ಕಾಣಬೇಕಾದರೆ ಲೋಳೆಮೀನನ್ನು ನೋಡಬೇಕು. ಮೂಳೆಯಾಗಲಿ ಮಿದುಳಾಗಲಿ ಇಲ್ಲದ, ದೇಹದ ನೂರರಲ್ಲಿ ತೊಂಬತ್ತೈದು ಪಾಲಿಗೂ ಮಿಕ್ಕು ನೀರೇ ಆಗಿರುವ ಈ ಪ್ರಾಣಿ ಸಮುದ್ರದ್ದೆಂದು ಎಲ್ಲರೂ ತಿಳಿದಿದ್ದಾಗ, 1880ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಸಸ್ಯೋದ್ಯಾನದಲ್ಲಿ, ಉಷ್ಣವಲಯದ ದೈತ್ಯ ನೈದಿಲೆಯನ್ನು ಬೆಳೆಸುತ್ತಿದ್ದ ಬೆಚ್ಚಗಿನ ತೊಟ್ಟಿಯಲ್ಲಿ, ಸೋವರ್ಬಿ ಎಂಬಾತನ ಕಣ್ಣಿಗೆ ಪುಟ್ಟ ಪುಟ್ಟ ಲೋಳೆಮೀನುಗಳು ಬಿದ್ದುವು. ಸಿಹಿನೀರಿನಲ್ಲಿ ಲೋಳೆಮೀನುಂಟೆಂಬುದು ವಿದ್ವಾಂಸರಿಗೆ ವಿಸ್ಮಯವನ್ನುಂಟುಮಾಡಿತು. ಸ್ವಲ್ಪಕಾಲದಲ್ಲಿಯೇ ಆಫ್ರಿಕದ ಟಾಂಗನೀಕಾ ಸರೋವರದಿಂದ ಮತ್ತೊಂದು ಕುಲದ ವರದಿ ಬಂದಿತು. ಆ ಆಫ್ರಿಕದ ಕುಲಕ್ಕೇ ಸೇರಿದ ಜೀವಿ ನಮ್ಮ ಸಹ್ಯಾದ್ರಿಯಲ್ಲಿಯೂ ಇರುವುದನ್ನು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಅಧ್ಯಾಪಕರಾಗಿದ್ದ ಶಂಕರ ಪುರುಷೋತ್ತಮ ಆಘಾರಕರ ಅವರು ಸಾತಾರಾ ಜಿಲ್ಲೆಯಲ್ಲಿ ಕೃಷ್ಣೆಯ ಉಪನದಿಗಳ ಮಡುಗಳಲ್ಲಿ ಕಂಡು ಹಿಡಿದರು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಅನ್ನಂಡೇಲ್ 1911-12ರ ಸುಮಾರಿಗೆ ಅದನ್ನು ಲಿಮ್ನೋಕ್ನಿಡಾ ಇಂಡಿಕಾ ಎಂದು ಹೆಸರಿಸಿ ವರ್ಣಿಸಿದರು. ಗ್ರೇವ್ಲಿಯವರೊಡನೆ ಆಘಾರಕರರು ಯೆಣ್ಣೆ, ಕೊಯ್ನೆಗಳ ಕಣಿವೆಗಳಲ್ಲಿ ಅದರ ನಡತೆಯನ್ನು ಅಭ್ಯಾಸ ಮಾಡಿದರು. ತುಂಗಭದ್ರೆಯರು ಯಾವ ಮಹಾನದಿಯನ್ನು ಸೇರುವರೋ ಅದರ ತಲೆನೀರಿನಲ್ಲಿಯೇ ಈ ಜೀವಿಯ ನೆಲೆ. ಬೇಸಗೆಯಲ್ಲಿ ಹರಿವು ನಿಂತು ಮಡುಗಳು ಬೇರೆ ಬೇರೆಯಾದಾಗ ಅದು ಕಾಣಿಸಿಕೊಳ್ಳುತ್ತದೆ. ಅಂಚಿನಲ್ಲಿ ಕೂದಲೆಳೆಯಂತಹ ಸ್ಪರ್ಶಬಾಹುಗಳನ್ನುಳ್ಳ ಪಾರದರ್ಶಕವಾದ ಬಿಲ್ಲೆ ಮಿಡಿಮಿಡಿದು ಮೇಲಕ್ಕೇರುತ್ತ, ಮತ್ತೆ ಬಾಹುಗಳನ್ನು ಚಾಚಿ ಮೆಲ್ಲನೆ ಇಳಿಯುತ್ತ, ಸೂಕ್ಷ್ಮಪ್ರಾಣಿಗಳನ್ನು ಕುಟುಕಿ ಹಿಡಿಯುತ್ತದೆ. ಮುಂಗಾರಿನ ಮೊದಲ ಪ್ರವಾಹದೊಡನೆ ಕಣ್ಮರೆಯಾಗುತ್ತದೆ. ಮಹಶೀರನ್ನು ಉಳಿಸುವ ಬೇಸಗೆಯ ಮಡುವೇ ಇದಕ್ಕೂ ಆಶ್ರಯ.

ಲೋಳೆಮೀನನ್ನು ಗಾಜಿನ ತೊಟ್ಟಿಯಲ್ಲಿ ಸಾಕಲು ಹೊರಟವರು ಕಲಿತ ಪಾಠ ಗಮನಾರ್ಹವಾದುದು. ಚೌಕನಾದ ತೊಟ್ಟಿಯ ಮೂಲೆಗೆ ಸಿಕ್ಕಿದರೆ ಅದರ ಅಂಗಾಂಶ ಹರಿಯುತ್ತದೆ. ಗಾಳಿಯ ಗುಳ್ಳೆಗಳನ್ನು ಊದಿದರೆ ಅವು ಛತ್ರಿಯ ಕೆಳಗೆ ಸಿಕ್ಕಿಕೊಂಡು ತೂತು ಮಾಡುತ್ತವೆ. ನೀರನ್ನು ನಿಲ್ಲಿಸಿದರೆ ಅದು ತಳಕ್ಕೆ ಕುಸಿಯುತ್ತದೆ. 1960ರ ದಶಕದಲ್ಲಿ ಜರ್ಮನಿಯ ವೋಲ್ಫ್ ಗ್ರೇವೆ ಎಂಬ ವಿಜ್ಞಾನಿ, ಮೂಲೆಗಳೇ ಇಲ್ಲದ ದುಂಡಗಿನ ತೊಟ್ಟಿಯಲ್ಲಿ ನೀರು ಗೋಡೆಯನ್ನು ಸವರಿಕೊಂಡು ಮಂದವಾಗಿ ಸುತ್ತುವಂತೆ ಮಾಡಿ, ಪ್ರಾಣಿಯು ಗೋಡೆಯನ್ನೂ ತಳವನ್ನೂ ಮುಟ್ಟದೆ ನಡುವಿನಲ್ಲಿಯೇ ತೇಲುತ್ತಿರುವ ಉಪಾಯವನ್ನು ರೂಪಿಸಿದನು. ಇಂದು ಜಗತ್ತಿನ ದೊಡ್ಡ ದೊಡ್ಡ ಮತ್ಸ್ಯಾಲಯಗಳು ಉಷ್ಣವಲಯದ ಲೋಳೆಮೀನುಗಳನ್ನು ತೋರಿಸುತ್ತಿರುವುದು ಈ ಕ್ರಮದಿಂದಲೇ. ಅಷ್ಟು ಯಂತ್ರವನ್ನೂ ಅಷ್ಟು ವಿದ್ಯುತ್ತನ್ನೂ ವ್ಯಯಮಾಡಿ ಮನುಷ್ಯನು ಕಟ್ಟಿದುದು ಪಂಜರವನ್ನಲ್ಲ, ಒಂದು ಪ್ರವಾಹವನ್ನು.

ಆ ಪ್ರವಾಹವನ್ನು ನಿಸರ್ಗವು ಮಲೆನಾಡಿಗೆ ಧರ್ಮಾರ್ಥವಾಗಿ ಕೊಟ್ಟಿರುವಾಗ ನಾವು ಅದನ್ನು ಹೇಗೆ ನಡೆಸಿಕೊಂಡಿದ್ದೇವೆ? 1965ರಲ್ಲಿ ಮುಗಿದ ಲಕ್ಕವಳ್ಳಿಯ ಅಣೆಕಟ್ಟು ಬಯಲುಸೀಮೆಯ ಗದ್ದೆಗಳಿಗೆ ನೀರುಣಿಸಿತು, ಭದ್ರೆಯನ್ನು ಏರಿಬರುವ ಮೀನಿನ ಹಾದಿಯನ್ನು ಮಾತ್ರ ಮುಚ್ಚಿತು. 1976ರಲ್ಲಿ ಆರಂಭವಾದ ಕುದುರೆಮುಖದ ಗಣಿಕಂಪನಿ ಭದ್ರೆಯ ತಲೆನೀರಿನಲ್ಲಿಯೇ ಅದಿರನ್ನು ತೋಡಿದಾಗ ಮಳೆಗಾಲದ ಹೊಳೆ ಹೂಳಿನಿಂದ ಕೆಂಪಾಯಿತು. ಜಲ್ಲಿನೆಲದ ಮೇಲೆ ಮೊಟ್ಟೆಯಿಡುವ ಮೀನಿಗೆ ಇದಕ್ಕಿಂತ ದೊಡ್ಡ ಕೇಡು ಇಲ್ಲ. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಅಂತ್ಯಕ್ಕೆ ಆ ಗಣಿ ನಿಂತುದು, ಜನರು ಹಿಡಿದ ಹಟ ನಿಷ್ಫಲವಾಗುವುದಿಲ್ಲವೆಂಬುದಕ್ಕೆ ಈ ಸೀಮೆ ಕಂಡ ಸಮಾಧಾನಕರವಾದ ನಿದರ್ಶನ.

ಉಳಿದ ಕೆಲಸ ಅಷ್ಟು ದೊಡ್ಡದಲ್ಲ, ಆದರೆ ಮನೆಮನೆಯವರೂ ಮಾಡಬೇಕಾದುದು. ಬಾಳೆಹೊನ್ನೂರಿನ ಬಳಿ 1925ರಿಂದ ನಡೆದುಬಂದಿರುವ ಕಾಫಿ ಸಂಶೋಧನ ಕೇಂದ್ರದಂತಹ ಸಂಸ್ಥೆ ಕೈಯಳತೆಯಲ್ಲಿಯೇ ಇರುವಾಗ, ಪಲ್ಪರಿನ ನೀರನ್ನು ಹೊಂಡಗಳಲ್ಲಿ ತಂಗಿಸಿ ಹದಗೊಳಿಸದೆ ಹಳ್ಳಕ್ಕೆ ಬಿಡುವುದಕ್ಕೆ ಯಾವ ತೋಟದವರಿಗೂ ನೆಪವುಳಿದಿಲ್ಲ. ಮಳೆಗಾಲದ ನೀರನ್ನು ತೋಟದ ಕೆರೆಯಲ್ಲಿ ಕೂಡಿಟ್ಟು ಹೂವಿನ ನೀರಿಗೆ ಬಳಸುವವರು ಈಗಲೂ ಇದ್ದಾರೆ. ಅವರ ಹಾದಿಯನ್ನು ಮಿಕ್ಕವರು ಹಿಡಿಯಬಹುದು. ಶೃಂಗೇರಿ, ಶಿಶಿಲಗಳಲ್ಲಿ ದೇವರ ಹೆಸರಿನಲ್ಲಿ ನಡೆದುದನ್ನು ಮೂಡಿಗೆರೆ, ಕಳಸಗಳ ಒಂದೊಂದು ತೋಟದವರೂ ತಮ್ಮ ಎಲ್ಲೆಯೊಳಗಣ ಹಳ್ಳದ ಒಂದೇ ಒಂದು ಮಡುವಿನಲ್ಲಿ ನಡೆಸಿ, ಅದಕ್ಕೆ ಗಾಳವನ್ನೂ ಪಂಪನ್ನೂ ಇಳಿಸದೆ, ದಡದ ಅತ್ತಿಯ ಮರವನ್ನು ಕಡಿಯದೆ ಬಿಟ್ಟರೆ, ಮೂರು ನದೀಕುಲಗಳ ತಲೆನೀರಿನಲ್ಲಿ ತೀರ್ಥಗಳ ಒಂದು ಸರಪಣಿಯೇ ಸಿದ್ಧವಾದೀತು. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ, ಹಣವೂ ಬೇಕಿಲ್ಲ; ನಮ್ಮ ಹಿರಿಯರು ತಮಗೆ ತಾವೇ ಹಾಕಿಕೊಂಡಿದ್ದ ಕಟ್ಟನ್ನು ನಾವೂ ಒಪ್ಪಿಕೊಂಡರೆ ಸಾಕು.